ಹಣ್ಣಾದ ಹುಳುವೇ ಗೂಡು ಕಟ್ಟುತ್ತದೆ

(ಅಕ್ಟೋಬರ್ 15, ಅವಿಲಾದ ಸಂತ ತೆರೇಸಾ ಅವರ ಹಬ್ಬದಂದು ತಲಘಟ್ಟಪುರದ ಕಥೋಲಿಕ ಕುಟುಂಬಗಳಿಗೆ ನೀಡಿದ ಪ್ರಬೋಧನೆ)



ನಮ್ಮ ಮನೆಗಳಲ್ಲಿ ತೆರೇಸಾ ಎಂಬ ಹೆಸರು ಹೊಸದಲ್ಲ. ಮನೆಗೊಬ್ಬ ತೆರೇಸಮ್ಮ ಇದ್ದ ಕಾಲವೂ ಇತ್ತು. ಆದರೆ 'ಯಾವ ತೆರೇಸಾ?' ಎಂದು ಕೇಳಿದರೆ ನಾವು ಸ್ವಲ್ಪ ತಡವರಿಸುತ್ತೇವೆ. ಅಕ್ಟೋಬರ್ 1ರಂದು ಹಬ್ಬ ಆಚರಿಸುವ ಲಿಸಿಯೂ ಪಟ್ಟಣದ ಪುಟ್ಟ ತೆರೇಸಾ ಒಬ್ಬರು. ಬಡವರ ತಾಯಿಯಾದ ಕೊಲ್ಕತ್ತಾದ ಸಂತ ತೆರೇಸಾ ಇನ್ನೊಬ್ಬರು. ಅವರು ತಮ್ಮ ಹೆಸರನ್ನು ಪಡೆದದ್ದು ಲಿಸಿಯೂವಿನ ತೆರೇಸಾರಿಂದ. ಆ ಪುಟ್ಟ ತೆರೇಸಾ ಸೇರಿದ್ದು ಇಂದು ನಾವು ಹಬ್ಬ ಆಚರಿಸುತ್ತಿರುವ ಹಿರಿಯ ತೆರೇಸಾ ಸುಧಾರಿಸಿದ ಕಾರ್ಮೆಲ್ ಸಭೆಯನ್ನೇ. ಒಂದೇ ಹೆಸರು ಒಬ್ಬರಿಂದ ಒಬ್ಬರಿಗೆ ದಾಟಿ ನಮ್ಮ ಅಜ್ಜಿಯರವರೆಗೂ ಬಂದಿದೆ. ಈ ತೆರೇಸಾ ಹುಟ್ಟಿದ್ದು 1515ರ ಮಾರ್ಚ್ 28ರಂದು, ಸ್ಪೇನ್ ದೇಶದ ಅವಿಲಾದಲ್ಲಿ.

ಅವಿಲಾ ಎಲ್ಲಿ, ನಮ್ಮ ತಲಘಟ್ಟಪುರ ಎಲ್ಲಿ ಎಂದು ನೀವು ಕೇಳಬಹುದು. ಕನಕಪುರ ರಸ್ತೆಯ ಮೇಲೆ ಓಡುವ ಮೆಟ್ರೊ ರೈಲು ನಮ್ಮ ತಲಘಟ್ಟಪುರ ನಿಲ್ದಾಣವನ್ನು ದಾಟಿ ಮುಂದೆ ಹೋಗಿ ಎಲ್ಲಿ ನಿಲ್ಲುತ್ತದೆ? 2021ರ ಜನವರಿಯಲ್ಲಿ ಈ ಮಾರ್ಗ ಆರಂಭವಾದಾಗಿನಿಂದ ಇಲ್ಲಿನ ಮಕ್ಕಳಿಗೆಲ್ಲ ಆ ಹೆಸರು ಬಾಯಿಪಾಠ: 'ರೇಷ್ಮೆ ಸಂಸ್ಥೆ'. ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಇರುವುದು ನಮ್ಮ ತಲಘಟ್ಟಪುರದಲ್ಲೇ. ಇಂದಿನ ಸಂತರು ಕ್ರೈಸ್ತ ಬದುಕಿನ ಬೆಳವಣಿಗೆಯನ್ನು ಜನರಿಗೆ ತಿಳಿಸಿಕೊಡಲು ಆರಿಸಿಕೊಂಡ ಹೋಲಿಕೆ ಯಾವುದು ಗೊತ್ತೇ? ರೇಷ್ಮೆ ಹುಳು! 1577ರಲ್ಲಿ, ತಮ್ಮ 62ನೆಯ ವಯಸ್ಸಿನಲ್ಲಿ, ತಲೆನೋವಿನಿಂದ ಬಳಲುತ್ತಲೇ ಬರೆದ 'ಅಂತರಂಗದ ಕೋಟೆ' ಎಂಬ ಪುಸ್ತಕದಲ್ಲಿ ಆತ್ಮವು ದೇವರಲ್ಲಿ ಹೇಗೆ ಹೊಸದಾಗುತ್ತದೆ ಎಂಬುದನ್ನು ಅವರು ಈ ಹುಳುವಿನ ಮೂಲಕ ವಿವರಿಸಿದ್ದಾರೆ. ಆದರೆ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಾರೆ: ರೇಷ್ಮೆ ಹುಳುವನ್ನು ಅವರು ಕಣ್ಣಾರೆ ಕಂಡಿರಲಿಲ್ಲ, ಬರೀ ಕೇಳಿ ತಿಳಿದಿದ್ದರು.

ಪ್ರಿಯರೇ, ಅವರು ಕಾಣದಿದ್ದುದನ್ನು ನಮ್ಮಲ್ಲಿ ಎಷ್ಟೋ ಮಂದಿ ಕಂಡಿದ್ದೇವೆ. ಕನಕಪುರ, ರಾಮನಗರದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಹಿರಿಯರಿಗೆ ರಾತ್ರಿ ಎದ್ದು ಹುಳುವಿಗೆ ಸೊಪ್ಪು ಹಾಕಿದ ನೆನಪಿದೆ. ತಟ್ಟೆಗಳಲ್ಲಿ ಹುಳು ಸೊಪ್ಪು ತಿನ್ನುವಾಗ ಸಣ್ಣ ಮಳೆ ಬಿದ್ದಂತೆ ಕೇಳುವ ಆ ಸದ್ದು ನೆನಪಿದೆ. ಆದ್ದರಿಂದ ಸಂತ ತೆರೇಸಾರ ಪಾಠವನ್ನು ನಮಗಿಂತ ಚೆನ್ನಾಗಿ ಕಲಿಯಬಲ್ಲವರು ಯಾರು? ಕೃತಜ್ಞತೆ, ಬೆಳವಣಿಗೆ, ನಾಯಕತ್ವ ಎಂಬ ಮೂರು ವಿಷಯಗಳನ್ನು ಇಂದು ಈ ಹುಳುವಿನಿಂದಲೂ ಈ ಸಂತರಿಂದಲೂ ಕಲಿಯೋಣ.

ಮೊದಲನೆಯದು, ಸೊಪ್ಪು ನಮ್ಮದಲ್ಲ.

ಮೊಟ್ಟೆಯಿಂದ ಹೊರಬಂದ ಹುಳು ಇರುವೆಗಿಂತ ಚಿಕ್ಕದು. ತಾನಾಗಿ ಎಲ್ಲೂ ಹೋಗಿ ಆಹಾರ ಹುಡುಕಲಾರದು. ಚಾಕಿ ಹುಳುವಿಗೆ ಎಳೆಯ ಹಿಪ್ಪುನೇರಳೆ ಎಲೆಯನ್ನೇ ಆರಿಸಿ, ಸಣ್ಣಗೆ ಹೆಚ್ಚಿ ಹಾಕಬೇಕು. ಬಿಸಿ ಹೆಚ್ಚಾಗಬಾರದು, ತಂಡಿಯೂ ಆಗಬಾರದು. ಸೊಪ್ಪಿನ ಮೇಲೆ ಔಷಧದ ಸೋಂಕಿರಬಾರದು. ಹೀಗೆ ಯಾರೋ ಹಾಕಿದ ಸೊಪ್ಪು ತಿಂದು, ಯಾರೋ ಕಾದ ಮನೆಯಲ್ಲಿ ಬೆಳೆದು, ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಅದರ ತೂಕ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ಆ ಬೆಳವಣಿಗೆಯಲ್ಲಿ ಹುಳು ತಂದದ್ದು ಹಸಿವು ಮಾತ್ರ. ಉಳಿದದ್ದೆಲ್ಲ ಕೊಟ್ಟದ್ದು.

ನಮ್ಮ ಬದುಕೂ ಹಾಗೆಯೇ ಅಲ್ಲವೇ? ನಾವು ಕಲಿತ ಅಕ್ಷರ, ನಮ್ಮ ವಿಶ್ವಾಸ, ನಾಲಿಗೆಗೆ ಬಂದ ಮೊದಲ ಪ್ರಾರ್ಥನೆ, ಇವೆಲ್ಲ ಯಾರೋ ಹೆಚ್ಚಿ ಹಾಕಿದ ಸೊಪ್ಪು. ನೀನು ಪಡೆದುಕೊಳ್ಳದೆ ಇರುವಂಥದ್ದು ನಿನ್ನಲ್ಲಿ ಏನಿದೆ ಎಂದು ಸಂತ ಪೌಲರು ಕೊರಿಂಥದವರನ್ನು ಕೇಳುತ್ತಾರೆ. ಆ ಪ್ರಶ್ನೆಗೆ ಇಂದಿಗೂ ಯಾರ ಬಳಿಯೂ ಉತ್ತರವಿಲ್ಲ. ಲೂಕರ ಶುಭಸಂದೇಶದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣವಾದರು, ಹಿಂದಿರುಗಿ ಬಂದದ್ದು ಒಬ್ಬನೇ. ಉಳಿದ ಒಂಬತ್ತು ಮಂದಿ ಕೆಟ್ಟವರೆಂದು ಅಲ್ಲಿ ಬರೆದಿಲ್ಲ. ಬಹುಶಃ ಅವರಿಗೆ ಅವಸರವಿತ್ತು. ನಮಗೂ ಅಷ್ಟೆ. ಕೃತಜ್ಞತೆಯನ್ನು ಕೊಲ್ಲುವುದು ಹೆಚ್ಚಿನ ಸಲ ದ್ವೇಷವಲ್ಲ, ಅವಸರ.

ಈ ಮಾತನ್ನು ನಾವು ಬೇರೆಯವರ ಕಡೆಗೆ ಬೆರಳು ತೋರಿಸಿ ಹೇಳುತ್ತಿಲ್ಲ. ಯಾಜಕರಾದ ನಾವೇ ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ನಾವು ಸೇವೆ ಮಾಡುತ್ತಿದ್ದ ಒಂದು ಊರಿನಲ್ಲಿ ಹಬ್ಬದ ಸಮಿತಿಯ ಹಿರಿಯರೊಬ್ಬರಿದ್ದರು. ತೇರಿನ ಅಲಂಕಾರದ ಸಾಮಾನು, ಧ್ವಜ, ದೀಪಗಳು ಎಲ್ಲ ಇದ್ದ ಬೀರುವಿನ ಕೀಲಿ ಹನ್ನೆರಡು ವರ್ಷ ಅವರ ಬಳಿಯೇ ಇತ್ತು. ಯುವಕರಿಗೆ ಅವಕಾಶ ಸಿಗಬೇಕೆಂದು ಆ ವರ್ಷ ಹೊಸ ಸಮಿತಿ ಮಾಡಿದೆವು. ಅದು ಸರಿಯಾದ ತೀರ್ಮಾನವೇ. ಆದರೆ ಭಾನುವಾರದ ಪ್ರಕಟಣೆಯಲ್ಲಿ ಹೊಸ ಹೆಸರುಗಳನ್ನು ಓದಿ ಕುಳಿತುಬಿಟ್ಟೆವು. ಹಳಬರ ಬಗ್ಗೆ ಒಂದು ಮಾತೂ ಆಡಲಿಲ್ಲ. ಸಂಜೆ ಒಬ್ಬ ಹುಡುಗನನ್ನು ಅವರ ಮನೆಗೆ ಕಳುಹಿಸಿ ಕೀಲಿ ತರಿಸಲು ಹೇಳಿದೆವು. ಕೀಲಿ ಬರಲಿಲ್ಲ. ನೊವೆನದ ಒಂಬತ್ತು ದಿನವೂ ಅವರು ಬರಲಿಲ್ಲ, ಹಬ್ಬಕ್ಕೂ ಬರಲಿಲ್ಲ. ಅವರಿಗೆ ಅಧಿಕಾರದ ಆಸೆ ಎಂದು ಊರವರು ಮಾತಾಡಿಕೊಂಡರು. ನಾವೂ ಹಾಗೆಯೇ ಅಂದುಕೊಂಡೆವು.

ಹಬ್ಬ ಮುಗಿದ ಮೇಲೆ ಮನಸ್ಸು ತಡೆಯದೆ ಅವರ ಮನೆಗೆ ಹೋದೆವು. ಮನೆಯಾಕೆ ಕಾಫಿ ಕೊಟ್ಟರು. ಆ ಹಿರಿಯರು ಒಳಗೆ ಹೋಗಿ, ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ ಕೀಲಿಯನ್ನು ತಂದು ಮೇಜಿನ ಮೇಲೆ ಇಟ್ಟರು. "ಕೀಲಿ ಕೊಡಬಾರದು ಅಂತಲ್ಲ ಸ್ವಾಮಿ, ಮೊದಲ ದಿನವೇ ಕೊಡೋಣ ಅಂತ ತೊಳೆದು ಒರೆಸಿ ಇಟ್ಟಿದ್ದೆ. ನೀವು ಬಂದು ಕೇಳ್ತೀರ ಅಂದುಕೊಂಡಿದ್ದೆ" ಎಂದರು. ಅಷ್ಟೇ. ಮುಂದೆ ಅವರೂ ಮಾತನಾಡಲಿಲ್ಲ, ನಮಗೂ ಮಾತು ಬರಲಿಲ್ಲ. ಮುಂದಿನ ಭಾನುವಾರ ಬಲಿಪೂಜೆಯ ಕೊನೆಯಲ್ಲಿ ಎಲ್ಲರ ಮುಂದೆ ಅವರಿಗೆ ವಂದನೆ ಹೇಳಿ ಕ್ಷಮೆ ಕೇಳಿದೆವು. ಅವರು ಕ್ಷಮಿಸಿದರು. ಆದರೆ ಅವರಿಲ್ಲದೆ ನಡೆದ ಆ ಹಬ್ಬವನ್ನು ಅವರಿಗೆ ಹಿಂದಿರುಗಿಸಿ ಕೊಡಲು ನಮ್ಮಿಂದ ಆಗಲಿಲ್ಲ. ಕೃತಜ್ಞತೆ ತಡವಾದರೆ ಅದರ ಬೆಲೆಯನ್ನು ಯಾರೋ ಒಬ್ಬರು ಕೊಡಬೇಕಾಗುತ್ತದೆ. ಅಂದು ಕೊಟ್ಟವರು ಆ ಹಿರಿಯರು.

ಎರಡನೆಯದು, ಜ್ವರವಿಲ್ಲದೆ ಬೆಳವಣಿಗೆಯಿಲ್ಲ.

ರೇಷ್ಮೆ ಹುಳು ಬೆಳೆಯುತ್ತಾ ಹೋದಂತೆ ಅದರ ಚರ್ಮ ಅದಕ್ಕೇ ಬಿಗಿಯಾಗುತ್ತದೆ. ಆಗ ಅದು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ ಅಲುಗಾಡದೆ ಕುಳಿತುಬಿಡುತ್ತದೆ. ಹಳೆಯ ಚರ್ಮ ಕಳಚಿ ಹೊಸ ಚರ್ಮದೊಂದಿಗೆ ಏಳುತ್ತದೆ. ಗೂಡು ಕಟ್ಟುವ ಮುನ್ನ ಹೀಗೆ ನಾಲ್ಕು ಸಲ ಆಗುತ್ತದೆ. ನಮ್ಮ ರೈತರು ಇದಕ್ಕೆ ಎಷ್ಟು ಒಳ್ಳೆಯ ಹೆಸರಿಟ್ಟಿದ್ದಾರೆ ನೋಡಿ: 'ಜ್ವರ'. ಮೊದಲನೇ ಜ್ವರ, ಎರಡನೇ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕುಳಿತಾಗ ತಿಳಿದವರು ಸೊಪ್ಪು ಹಾಕುವುದಿಲ್ಲ, ಅಲುಗಿಸುವುದಿಲ್ಲ, ಕಾಯುತ್ತಾರೆ. ಹೊರಗಿನಿಂದ ನೋಡಿದವರಿಗೆ ಹುಳು ಸತ್ತೇ ಹೋಯಿತೇನೋ ಎನಿಸುತ್ತದೆ. ಆದರೆ ಅದು ಬೆಳೆಯುತ್ತಿರುವುದೇ ಆಗ.

ಸಂತ ತೆರೇಸಾರ ಬದುಕಿನಲ್ಲೂ ಇಂಥ ಜ್ವರಗಳಿದ್ದವು. ಹದಿಹರೆಯದ ಹೊಸ್ತಿಲಲ್ಲೇ ತಾಯಿಯನ್ನು ಕಳೆದುಕೊಂಡರು. ಅಳುತ್ತಾ ಮಾತೆ ಮರಿಯಾ ಅವರ ಸ್ವರೂಪದ ಮುಂದೆ ಹೋಗಿ, ಇನ್ನು ಮೇಲೆ ನೀವೇ ನನ್ನ ತಾಯಿ ಎಂದು ಬೇಡಿಕೊಂಡರು. 1535ರಲ್ಲಿ ಕಾರ್ಮೆಲ್ ಕನ್ಯಾಮಠವನ್ನು ಸೇರಿದ ಮೇಲೆ ಕಠಿಣ ಕಾಯಿಲೆ ಬಿದ್ದು ಹಲವು ಕಾಲ ಕೈಕಾಲು ಆಡದೆ ಮಲಗಿದ್ದರು. ಸಂತ ಜೋಸೆಫರ ಪ್ರಾರ್ಥನಾ ಸಹಾಯದಿಂದ ಎದ್ದು ನಡೆದೆ ಎಂದು ಜೀವನವಿಡೀ ಅವರಿಗೆ ಕೃತಜ್ಞರಾಗಿದ್ದರು. ಅದಕ್ಕಿಂತ ದೊಡ್ಡ ಜ್ವರ ಮತ್ತೊಂದಿತ್ತು. ಕನ್ಯಾಮಠದಲ್ಲಿದ್ದುಕೊಂಡೇ ವರ್ಷಾನುಗಟ್ಟಲೆ ಅವರ ಪ್ರಾರ್ಥನೆ ಒಣಗಿಹೋಗಿತ್ತು. ಪ್ರಾರ್ಥನೆಯ ಹೊತ್ತು ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದೆ ಎಂದು ಅವರೇ ಬರೆದುಕೊಂಡಿದ್ದಾರೆ. ನಮ್ಮ ಹಾಗೆಯೇ ಅಲ್ಲವೇ? 1554ರಲ್ಲಿ ಒಂದು ದಿನ ಗಾಯಗಳಿಂದ ತುಂಬಿದ ಪ್ರಭು ಯೇಸುವಿನ ಸ್ವರೂಪದ ಮುಂದೆ ಅವರ ಹೃದಯ ಕರಗಿತು. ಆಗ ಅವರಿಗೆ 39 ವರ್ಷ. ಧರ್ಮಸಭೆಯಲ್ಲಿ 'ಪಂಡಿತೆ' ಎಂಬ ಬಿರುದನ್ನು ಪಡೆದ ಮೊದಲ ಮಹಿಳೆ ಅವರು. 1970ರ ಸೆಪ್ಟೆಂಬರ್ 27ರಂದು ಜಗದ್ಗುರು ಆರನೇ ಪೌಲರು ಆ ಬಿರುದನ್ನು ಘೋಷಿಸಿದರು. ಇಂಥವರ ಬದುಕಿನ ತಿರುವು ಬಂದದ್ದು ನಲವತ್ತರ ಹೊಸ್ತಿಲಲ್ಲಿ. ಆದ್ದರಿಂದ 'ನನ್ನ ವಯಸ್ಸಾಯಿತು, ಇನ್ನೇನು ಬದಲಾವಣೆ' ಎಂದು ನಮ್ಮಲ್ಲಿ ಯಾರೂ ಹೇಳಬೇಕಾಗಿಲ್ಲ.

ಇಂದು ನಾವು ಕೇಳಿದ ದ್ರಾಕ್ಷಾಬಳ್ಳಿಯ ಸಾಮತಿಯಲ್ಲಿ ಪ್ರಭು ಹೇಳುವುದೂ ಇದನ್ನೇ. ಫಲ ಕೊಡುವ ಕೊಂಬೆಯನ್ನೂ ತೋಟಗಾರ ಸವರುತ್ತಾನೆ. ಅದು ಶಿಕ್ಷೆಯಲ್ಲ, ಇನ್ನೂ ಹೆಚ್ಚು ಫಲ ಬರಲೆಂದು ಮಾಡುವ ಕೆಲಸ. ಪ್ರಿಯ ತಂದೆತಾಯಿಯರೇ, ಮನೆಯಲ್ಲಿ ಮಾತು ಕಡಿಮೆ ಮಾಡಿದ ಮಗ, ಪರೀಕ್ಷೆಯಲ್ಲಿ ಸೋತು ಕುಳಿತ ಮಗಳು, ಕೆಲಸ ಕಳೆದುಕೊಂಡ ಗಂಡ, ಇವರು ಜ್ವರಕ್ಕೆ ಕುಳಿತಿರಬಹುದು. ಆ ಹೊತ್ತಿನಲ್ಲಿ ಉಪದೇಶದ ಸೊಪ್ಪನ್ನು ಮೇಲೆ ಮೇಲೆ ಸುರಿಯಬೇಡಿ. ಹತ್ತಿರ ಇರಿ, ಪ್ರಾರ್ಥಿಸಿ, ಕಾಯಿರಿ. ಹುಳು ಸಾಕಿದವರಿಗೆ ಈ ತಾಳ್ಮೆ ಗೊತ್ತು.

ಮೂರನೆಯದು, ಹಣ್ಣಾದ ಹುಳು ತನ್ನೊಳಗಿನಿಂದ ನೂಲು ತೆಗೆಯುತ್ತದೆ.

ನಾಲ್ಕು ಜ್ವರ ಕಳೆದು, ಹೊಟ್ಟೆ ತುಂಬ ತಿಂದ ಹುಳು ಒಂದು ದಿನ ಸೊಪ್ಪು ಸಾಕೆನ್ನುತ್ತದೆ. ಮೈ ಹೊಳೆಯತೊಡಗುತ್ತದೆ. 'ಹುಳು ಹಣ್ಣಾಯಿತು' ಎಂದು ರೈತರು ಅದನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಾರೆ. ಅಲ್ಲಿ ಎರಡು ಮೂರು ದಿನ ತಲೆಯನ್ನು ಅತ್ತಿತ್ತ ಆಡಿಸುತ್ತಾ, ತಾನು ತಿಂದ ಸೊಪ್ಪನ್ನೆಲ್ಲ ನೂಲಾಗಿಸಿ ಹೊರಗೆ ಕೊಡುತ್ತದೆ. ಒಳ್ಳೆಯ ದ್ವಿತಳಿ ಗೂಡೊಂದರಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ಪಡೆದದ್ದು ಎಲೆ, ಕೊಟ್ಟದ್ದು ರೇಷ್ಮೆ. ನಾಯಕತ್ವ ಎಂದರೆ ಇದೇ. ಇನ್ನೂ ತಿನ್ನುತ್ತಲೇ ಇರುವ ಹುಳು ಗೂಡು ಕಟ್ಟಲಾರದು. 'ನನಗೆ ಏನು ಸಿಗುತ್ತದೆ, ವೇದಿಕೆಯ ಮೇಲೆ ನನ್ನ ಕುರ್ಚಿ ಎಲ್ಲಿ, ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರು ಎಷ್ಟನೆಯದು' ಎಂದು ಕೇಳುವವರೆಗೂ ನಾವು ಸೊಪ್ಪು ತಿನ್ನುತ್ತಿದ್ದೇವೆ ಎಂದೇ ಅರ್ಥ.

ಸಂತ ತೆರೇಸಾ 1562ರ ಆಗಸ್ಟ್ 24ರಂದು ಅವಿಲಾದಲ್ಲಿ ಸಂತ ಜೋಸೆಫರ ಹೆಸರಿನ ಪುಟ್ಟ ಕನ್ಯಾಮಠವನ್ನು ನಾಲ್ವರು ಯುವತಿಯರೊಂದಿಗೆ ಆರಂಭಿಸಿದರು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಬಂಡಿಯ ದಾರಿಯಲ್ಲಿ, ಬಿಸಿಲು ಮಳೆಗಳಲ್ಲಿ, ವಿರೋಧಗಳ ನಡುವೆ ಇಂಥ 17 ಕನ್ಯಾಮಠಗಳು ನೆಲೆಯಾದವು. ಆದರೆ ಅವರ ನಾಯಕತ್ವದ ನಿಜವಾದ ಪರೀಕ್ಷೆ ನಡೆದದ್ದು 1571ರಲ್ಲಿ. ಅವರು ಮೊದಲು ಇದ್ದ ದೊಡ್ಡ ಮಠಕ್ಕೇ ಅವರನ್ನು ಮುಖ್ಯಸ್ಥೆಯಾಗಿ ಮೇಲಧಿಕಾರಿಗಳು ನೇಮಿಸಿದರು. ಅಲ್ಲಿ ನೂರಕ್ಕೂ ಹೆಚ್ಚು ಭಗಿನಿಯರಿದ್ದರು. ಊಟಕ್ಕೂ ಕಷ್ಟವಿದ್ದ ಮನೆ. ತಮ್ಮನ್ನು ಕೇಳದೆ ನೇಮಿಸಿದರೆಂದು ಹಲವರಿಗೆ ಸಿಟ್ಟು. ತೆರೇಸಾ ಒಳಗೆ ಬರುವಾಗ ಕೂಗಾಟ, ಗದ್ದಲ.

ಅವರು ಏನು ಮಾಡಿದರು? ಮೊದಲ ಸಭೆಗೆ ಭಗಿನಿಯರು ಬಂದು ನೋಡುತ್ತಾರೆ, ಮುಖ್ಯಸ್ಥೆಯ ಪೀಠದಲ್ಲಿ ತೆರೇಸಾ ಇಲ್ಲ! ಅಲ್ಲಿ ಮಾತೆ ಮರಿಯಾ ಅವರ ಸ್ವರೂಪವಿದೆ. ಮಠದ ಕೀಲಿಗಳು ಆ ತಾಯಿಯ ಕೈಯಲ್ಲಿವೆ. ತೆರೇಸಾ ಆಕೆಯ ಪಾದದ ಬಳಿ ನೆಲದ ಮೇಲೆ ಕುಳಿತಿದ್ದಾರೆ. ಈ ಮನೆಯ ಒಡತಿ ನಾನಲ್ಲ, ಈ ತಾಯಿ. ನಾನು ನಿಮ್ಮ ಸೇವೆಗೆ ಬಂದವಳು ಎಂಬುದನ್ನು ಬಾಯಿ ತೆರೆಯುವ ಮೊದಲೇ ಅವರು ತೋರಿಸಿಬಿಟ್ಟರು. ಗದ್ದಲ ಇಳಿಯಿತು. ಮುಂದೆ ಅದೇ ಭಗಿನಿಯರು ಅವರನ್ನು ಪ್ರೀತಿಸಿದರು.

ಪ್ರಿಯರೇ, ಕೀಲಿ ಎಲ್ಲಿದೆ? ಈ ಪ್ರಶ್ನೆಯನ್ನು ನಾವು ಇಂದು ಮನೆಗೆ ತೆಗೆದುಕೊಂಡು ಹೋಗೋಣ. ಮನೆಯ ಹಣದ ಕೀಲಿ, ತೀರ್ಮಾನದ ಕೀಲಿ, ಸಂಘದ ಕೀಲಿ, ಗಾಯನ ವೃಂದದ ಕೀಲಿ, ಧರ್ಮಕೇಂದ್ರದ ಕೀಲಿ, ಇವು ನಮ್ಮ ಕೈಯಲ್ಲಿರಬಹುದು, ಆದರೆ ನಮ್ಮವಲ್ಲ. ಪ್ರಭು ಯೇಸು ತಮ್ಮ ಶಿಷ್ಯರಲ್ಲಿ ದೊಡ್ಡವನಾಗಬೇಕೆಂದವನು ಎಲ್ಲರ ಸೇವಕನಾಗಲಿ ಎಂದರು. ಹೇಳಿ ಸುಮ್ಮನಾಗಲಿಲ್ಲ, ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಪಾದ ತೊಳೆದರು. ಕೀಲಿ ಹಿಡಿದವರು ನೆಲದ ಮೇಲೆ ಕುಳಿತುಕೊಳ್ಳಲು ಸಿದ್ಧರಿರಬೇಕು. ಕೀಲಿ ಕೇಳುವವರು ನಾವಾಗಿದ್ದರೆ ಹುಡುಗನನ್ನು ಕಳುಹಿಸದೆ ನಾವೇ ಹೋಗಬೇಕು, ಮೊದಲು ವಂದನೆ ಹೇಳಿ ಆಮೇಲೆ ಕೀಲಿ ಕೇಳಬೇಕು. ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ.

ಇಲ್ಲಿ ಹಿರಿಯರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳಬಹುದು. "ಸ್ವಾಮಿ, ಗೂಡು ಕಟ್ಟಿದ ಹುಳುವಿನ ಗತಿ ನಮಗೆ ಗೊತ್ತಿಲ್ಲವೇ? ಗೂಡನ್ನು ಬಿಸಿನೀರಿಗೆ ಹಾಕಿಯೇ ನೂಲು ಬಿಚ್ಚುತ್ತಾರಲ್ಲ?" ನಿಜ. ಸೇವೆಯಲ್ಲಿ ಸವೆದುಹೋದವರ ನೋವನ್ನು ನಾವು ಸಿಹಿ ಮಾತಿನಿಂದ ಮುಚ್ಚಬಾರದು. ಆದರೆ ಬಿತ್ತನೆ ಗೂಡು ಎಂಬುದೂ ಇದೆ. ಅದನ್ನು ಬಿಸಿನೀರಿಗೆ ಹಾಕುವುದಿಲ್ಲ. ಕೆಲವು ದಿನಗಳಲ್ಲಿ ಅದನ್ನು ತೂತು ಮಾಡಿಕೊಂಡು ಬಿಳಿಯ ಚಿಟ್ಟೆ ಹೊರಬರುತ್ತದೆ. ಅದು ಏನನ್ನೂ ತಿನ್ನುವುದಿಲ್ಲ. ನಾನೂರು ಐನೂರು ಮೊಟ್ಟೆಗಳನ್ನಿಟ್ಟು ತನ್ನ ಆಯುಷ್ಯ ಮುಗಿಸುತ್ತದೆ. ಸಂತ ತೆರೇಸಾ ಕಂಡದ್ದು ಈ ಚಿಟ್ಟೆಯನ್ನು. ನಾವು ಕಟ್ಟುವ ಗೂಡು ಕ್ರಿಸ್ತರೇ, ನಮ್ಮ ಬದುಕು ಅವರಲ್ಲಿ ಮರೆಯಾಗಿದೆ, ಹಳೆಯ ಹುಳು ಅಲ್ಲಿ ಸಾಯುತ್ತದೆ, ಹೊಸ ಜೀವ ಹೊರಬರುತ್ತದೆ ಎಂದು ಅವರು ತಮ್ಮ ಭಗಿನಿಯರಿಗೆ ತಿಳಿಸಿದರು. ನೆಲಕ್ಕೆ ಬಿದ್ದು ಸಾಯುವ ಗೋದಿಯ ಕಾಳಿನ ಬಗ್ಗೆ ಪ್ರಭು ಹೇಳಿದ್ದೂ ಇದೇ ಸತ್ಯವನ್ನು. ಹೊಸ ಜೀವ ಬಂದಿದೆ ಎಂದು ತಿಳಿಯುವುದು ಹೇಗೆ? ಅದಕ್ಕೂ ಸಂತರು ಸರಳ ಗುರುತು ಕೊಟ್ಟಿದ್ದಾರೆ: ನೆರೆಯವರ ಮೇಲಿನ ಪ್ರೀತಿ. ಕಾಯಿಲೆಯ ಭಗಿನಿಗೆ ನಿಮ್ಮ ಅಗತ್ಯವಿದ್ದರೆ ನಿಮ್ಮ ಭಕ್ತಿಯ ಸುಖವನ್ನು ಬಿಟ್ಟು ಹೋಗಿ ಎಂದು ಅವರು ಹೇಳುತ್ತಾರೆ.

ಆ ಚಿಟ್ಟೆ ಇಟ್ಟ ಮೊಟ್ಟೆಗಳು ಎಷ್ಟು ದೂರ ಬಂದಿವೆ ನೋಡಿ. ಸಂತ ತೆರೇಸಾ ಭಾರತವನ್ನು ಕಂಡವರಲ್ಲ. ಆದರೆ ಕಾರ್ಮೆಲ್ ಸಭೆಯ ಅದೇ ಚೈತನ್ಯದಲ್ಲಿ ಬೆಳೆದ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸತೊಡಗಿದರು. ನಮ್ಮ ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜು 1948ರಲ್ಲಿ ಆರಂಭವಾದದ್ದೂ ಅವರಿಂದಲೇ. ನಮ್ಮ ಮನೆಗಳ ಎಷ್ಟೋ ಅಮ್ಮಂದಿರು, ಅಕ್ಕಂದಿರು ಇಂಥ ಭಗಿನಿಯರ ಶಾಲೆಗಳಲ್ಲಿ ಓದಿದವರು. ನಾಯಕರು ಎಷ್ಟು ದೊಡ್ಡವರಾಗಿದ್ದರು ಎಂಬುದು ಅವರು ಹೋದ ಮೇಲೆ ಯಾರು ಬೆಳೆದರು ಎಂಬುದರಲ್ಲಿ ತಿಳಿಯುತ್ತದೆ.

ಸಂತ ತೆರೇಸಾ ಪ್ರಭುವಿನ ಸನ್ನಿಧಿ ಸೇರಿದ್ದು 1582ರ ಅಕ್ಟೋಬರ್ 4ರ ರಾತ್ರಿ. ಅದೇ ರಾತ್ರಿ ಹಳೆಯ ಪಂಚಾಂಗವನ್ನು ತಿದ್ದಿ ಹತ್ತು ದಿನಗಳನ್ನು ಬಿಡಲಾಯಿತು. ಬೆಳಗಾದಾಗ ತಾರೀಕು ಅಕ್ಟೋಬರ್ 15! ಅದೇ ಇಂದಿನ ಹಬ್ಬ. ಹತ್ತು ದಿನಗಳು ಒಂದು ರಾತ್ರಿಯಲ್ಲಿ ಹಾರಿಹೋದವು. ನಮ್ಮ ದಿನಗಳೂ ಹೀಗೆಯೇ ಹಾರಿಹೋಗುತ್ತವೆ. ಹೇಳಬೇಕಾದ ವಂದನೆಯನ್ನು ನಾಳೆಗೆ ಇಡಬೇಡಿ.

ಆದ್ದರಿಂದ ಈ ವಾರ ಪ್ರತಿ ಕುಟುಂಬವೂ ಒಂದು ಕೆಲಸ ಮಾಡಲಿ. ರಾತ್ರಿಯ ಜಪಸರದ ನಂತರ ದೀಪದ ಮುಂದೆ ಕುಳಿತು, ನಮಗೆ ಸೊಪ್ಪು ಹಾಕಿದ ಒಬ್ಬರ ಹೆಸರನ್ನು ಮಕ್ಕಳ ಮುಂದೆ ಹೇಳೋಣ. ಅವರು ಬದುಕಿದ್ದರೆ ಅವರ ಮನೆಗೆ ಹೋಗಿ ಬರೋಣ. ಫೋನು ಮಾಡಿದರೆ ಸಾಲದು, ಬಾಗಿಲವರೆಗೆ ಹೋಗೋಣ. ಪ್ರಭುವಿನ ಪಾದಕ್ಕೆ ಬಿದ್ದವನು ಹಿಂದಿರುಗಿ ನಡೆದು ಬಂದವನೇ ಅಲ್ಲವೇ?

ಪ್ರಾರ್ಥಿಸೋಣ: ಪ್ರೀತಿಯ ಪ್ರಭುವೇ, ನಾವು ಉಂಡ ಎಲೆ ನಿಮ್ಮದು, ನಮ್ಮಿಂದ ಹೊರಡುವ ನೂಲೂ ನಿಮ್ಮದೇ ಆಗಲಿ. ಜ್ವರದ ದಿನಗಳಲ್ಲಿ ನಮ್ಮನ್ನು ಕೈಬಿಡಬೇಡಿ. ನಮ್ಮ ಕೈಯಲ್ಲಿರುವ ಕೀಲಿಗಳನ್ನು ನಿಮ್ಮ ತಾಯಿಯ ಕೈಗೆ ಒಪ್ಪಿಸುವ ಮನಸ್ಸನ್ನು ನಮಗೆ ಕೊಡಿ. ನಾವು ಮರೆತವರನ್ನು ನೀವು ಮರೆಯಬೇಡಿ. ಸಂತ ತೆರೇಸಾ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.